ಗೈಡ್‌ನಾಗ −42/125, ನಂದು −2/25: ಎರಡನೇ ಡೆರಿವೇಟಿವ್‌ನಾಗ ಎಲ್ಲಿ ಎಡವ್ತಾ ಇದೀನಿ?

ನವನಗರ_ಪಿಯು2 (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ ರೀ. ಪಿಯುಸಿ ಎರಡನೇ ವರ್ಷ, ಸೈನ್ಸ್. ಹತ್ತನೇತನಕ ಕನ್ನಡ ಮೀಡಿಯಂ ಓದೀನಿ, ಹಿಂಗಾಗಿ ಇಂಪ್ಲಿಸಿಟ್ (ವೈನ ಬ್ಯಾರೆ ಬಿಡಿಸದ ಎಕ್ಸ್, ವೈ ಕೂಡೇ ಇರೋ ಸಮೀಕರಣ) ಅನ್ನೋ ಶಬ್ದಾನ ಕಾಲೇಜಿಗೆ ಬಂದಮ್ಯಾಲೆ ಕೇಳಿದ್ದು. ಮೊದಲನೇ ಡೆರಿವೇಟಿವ್ (ಎಕ್ಸ್ ಸರಿದಾಗ ವೈ ಬದಲಾಗೋ ದರ) ಹೆಂಗೋ ಕೈಗೆ ಹತ್ತೈತಿ. ಎರಡನೇದು ಬಂತಂದ್ರ ಮಾತ್ರ ಪ್ರತಿ ಸಲ ಉತ್ತರ ತಪ್ತೈತಿ.

ಲೆಕ್ಕ ಇದು: ಎಕ್ಸ್² + ಎಕ್ಸ್·ವೈ + ವೈ² = 7. (1, 2) ಬಿಂದುವಿನಾಗ ಎರಡನೇ ಡೆರಿವೇಟಿವ್ ಎಷ್ಟು?

ಮೊಬೈಲ್‌ನಾಗ ಟೈಪ್ ಮಾಡ್ಲಿಕ್ಕೆ ಸಸಾರ ಆಗ್ಲಿ ಅಂತ ಮೊದಲನೇದಕ್ಕ ವೈ′, ಎರಡನೇದಕ್ಕ ವೈ″ ಅಂತ ಬರೀತೀನಿ. ನಾ ಮಾಡಿದ್ದು:

2ಎಕ್ಸ್ + ವೈ + ಎಕ್ಸ್·ವೈ′ + 2ವೈ·ವೈ′ = 0
(1, 2) ಹಾಕಿದ್ರ 4 + 5ವೈ′ = 0, ಅಂದ್ರ ವೈ′ = −4/5

ಇನ್ನೊಮ್ಮೆ ಡೆರಿವೇಟಿವ್:
2 + ವೈ′ + ವೈ′ + ಎಕ್ಸ್·ವೈ″ + 2ವೈ·ವೈ″ = 0
2 − 8/5 + 5ವೈ″ = 0, ಅಂದ್ರ ವೈ″ = −2/25

ಗೈಡಿನ ಹಿಂದ −42/125 ಅಂತ ಐತಿ. ಗೈಡ್‌ನಾಗ ಪ್ರಿಂಟ್ ತಪ್ಪೋ, ನಂದೇ ತಪ್ಪೋ? ಟ್ಯೂಷನ್‌ನಾಗ ಕೇಳಿದ್ರ "ಇನ್ನೂ ಹತ್ತ್ ಲೆಕ್ಕ ಮಾಡು, ತಾನ ಬರ್ತೈತಿ" ಅಂದ್ರು. ಹತ್ತಲ್ಲ, ಹದಿನಾಲ್ಕ ಮಾಡೀನಿ. ಬಂದಿಲ್ಲ.

ಕುಂದಾ_ಪ್ರಿಯ (ಬೆಳಗಾವಿ)

ತಮ್ಮಾ, ಗೈಡ್ ಸರಿ ಐತಿ. ಇಷ್ಟ್ಯಾಕ ಸರ್ಕಸ್? ವೈನ ಬಿಡಿಸಿ ಬರ್ಕೋ. ಇದು ವೈದಾಗ ಕ್ವಾಡ್ರಾಟಿಕ್:

ವೈ = (−ಎಕ್ಸ್ + √(28 − 3ಎಕ್ಸ್²)) / 2

ಎಕ್ಸ್ = 1 ಹಾಕಿದ್ರ ವೈ = (−1 + 5)/2 = 2, ಬಿಂದು ಸರಿಯಾತು. ಇದನ್ನ ಎರಡು ಸಲ ಸಾದಾ ಡೆರಿವೇಟಿವ್ ಮಾಡಿದ್ರ −42/(28 − 3ಎಕ್ಸ್²)^(3/2) ಬರ್ತೈತಿ. ಎಕ್ಸ್ = 1ಕ್ಕ ಕೆಳಗ 25^(3/2), ಅಂದ್ರ 125. ಮುಗೀತು.

ಗುಮ್ಮಟದ_ಪಿಸುಮಾತು (ವಿಜಯಪುರ)

ಉತ್ತರ ಸರಿ ಅದ, ಆದ್ರ ಕೇಳಿದ ಪ್ರಶ್ನೆಗೆ ಇದು ಉತ್ತರ ಅಲ್ಲ. ಎಲ್ಲಿ ತಪ್ಪ್ಯದ ಅಂತ ಕೇಳ್ಯಾರ.

ನಿಮ್ಮ ಉತ್ತರ −2/25, ಅಂದ್ರ −10/125. ಗೈಡಿಂದು −42/125. ನಡುವಿನ ಅಂತರ 32/125. ಈ 32/125 ಎಲ್ಲಿಂದ ಬಂದಿರಬೇಕು ನೋಡ್ರಿ: ವೈ′ದ ವರ್ಗ 16/25, ಅದರ ಎರಡರಷ್ಟು 32/25, ಅದನ್ನ 5ರಿಂದ ಭಾಗಿಸಿದ್ರ 32/125. ಅಂದ್ರ ನೀವು ಎರಡನೇ ಸಲ ಮಾಡುವಾಗ 2(ವೈ′)² ಅನ್ನೋ ಒಂದು ಪದ ಕಳ್ಕೊಂಡೀರಿ. ಉಳಿದದ್ದೆಲ್ಲ ಸರಿ ಅದ.

ಎಲ್ಲಿ ಕಳದದ ಅಂದ್ರ, ಕೊನೇ ಪದ 2ವೈ·ವೈ′ ಅದಲ್ಲ, ಅಲ್ಲಿ.

ನವನಗರ_ಪಿಯು2

ತಮ್ಮ ಅಲ್ರೀ ಅಣ್ಣಾರ, ತಂಗಿ.

ಪಿಸುಮಾತು ಅವ್ರೆ, ಅಂತರ ನೋಡಿ ತಪ್ಪು ಹುಡುಕೋದು ನನಗ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ನೋಡಿದ್ರ ಎಕ್ಸ್·ವೈ′ ಬಂದಲ್ಲಿ ನಾ ಪ್ರಾಡಕ್ಟ್ ರೂಲ್ (ಗುಣಾಕಾರದ ನಿಯಮ) ಸರಿಯಾಗೇ ಹಚ್ಚೀನಿ. 2ವೈ·ವೈ′ ಬಂದಲ್ಲಿ 2ವೈನ ಸುಮ್ನ ಮುಂದಿನ ನಂಬರ್ ಅಂತ ಬಿಟ್ಟೀನಿ. ಎಕ್ಸ್ ಕಂಡ್ರ ನೆನಪಾಗ್ತೈತಿ, ವೈ ಕಂಡ್ರ ಆಗಂಗಿಲ್ಲ. ಯಾಕ ಹಿಂಗ?

ಕಬ್ಬಿನ_ಟ್ರ್ಯಾಕ್ಟರ್ (ಮುಧೋಳ)

ನಾ ಬಿಎಸ್ಸಿ ಮುಗಿಸಿ ಕಬ್ಬು ಹಚ್ಚಾಂವ. ಲೆಕ್ಕ ಅರ್ಧಾ ಮರ್ತೈತಿ, ಆದ್ರ ಇದು ಮರ್ತಿಲ್ಲ. ನಮ್ಮ ಮಾಸ್ತರ್ರು ಹಿಂಗ ಹೇಳಿದ್ರು: ಎಕ್ಸ್ ಮತ್ತ ವೈ ಒಂದ ನೊಗಕ್ಕ ಕಟ್ಟಿದ ಎರಡು ಎತ್ತು. ಎಕ್ಸ್ ಒಂದು ಹೆಜ್ಜಿ ಮುಂದ ಇಟ್ರ ವೈ ನಿಂತಲ್ಲೇ ನಿಂದ್ರಂಗಿಲ್ಲ, ಅದೂ ಸರೀಬೇಕು. ನೀ ವೈನ ಗೂಟಕ್ಕ ಕಟ್ಟಿ ಎಕ್ಸ್‌ನ ಅಷ್ಟ ನಡಸೀ ತಂಗಿ.

ಜ್ಞಾನಸಂಗಮ_ಬ್ಯಾಕ್‌ಲಾಗ್ (ಬೆಳಗಾವಿ)

ಅಣ್ಣಾರ, ನೊಗದ ಎತ್ತು ಎರಡೂ ಸಮ ಹೆಜ್ಜಿ ಹಾಕ್ತಾವು. ಇಲ್ಲಿ ಎಕ್ಸ್ ಒಂದು ಮುಂದ ಹೋದ್ರ ವೈ 4/5 ಹಿಂದ ಬರ್ತೈತಿ. ಇಂಥ ಜೋಡಿ ಹೂಡಿದ್ರ ಹೊಲದ ಗತಿ ಏನು? 😄

ಕಬ್ಬಿನ_ಟ್ರ್ಯಾಕ್ಟರ್

ಅದಕ್ಕ ನಾ ಎತ್ತು ಮಾರಿ ಟ್ರ್ಯಾಕ್ಟರ್ ತಗೊಂಡಿದ್ದು.

ನಿವೃತ್ತ_ಮಾಸ್ತರ (ಜಮಖಂಡಿ)

ನಗೆಚಾಟಿಕೆ ಇರಲಿ. ಹುಡುಗಿ ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ: ವೈ ಕಂಡರೆ ಯಾಕೆ ನೆನಪಾಗುವುದಿಲ್ಲ? ಮೂವತ್ತು ವರ್ಷ ಪಾಠ ಹೇಳಿದವನಾಗಿ ನನ್ನ ಅನುಭವ ಹೇಳುತ್ತೇನೆ ತಂಗಿ.

ಮೊದಲನೇ ಸಲ ಡೆರಿವೇಟಿವ್ ಮಾಡುವಾಗ ವೈ² ಕಂಡ ಕೂಡಲೇ "2ವೈ, ಪಕ್ಕದಲ್ಲಿ ವೈ′ ಅಂಟಿಸು" ಎಂದು ಕೈ ರೂಢಿಯಾಗಿರುತ್ತದೆ. ಅದು ಚೈನ್ ರೂಲ್ (ಒಳಗಿನ ವೈ ಬದಲಾಗುವುದನ್ನೂ ಲೆಕ್ಕಕ್ಕೆ ಹಿಡಿಯುವ ನಿಯಮ) ಎಂಬ ಅರಿವಿನಿಂದ ಬಂದದ್ದಲ್ಲ, ಕೈಚಳಕದಿಂದ ಬಂದದ್ದು. ಎರಡನೇ ಸಲಕ್ಕೆ ಎದುರಿಗೆ ನಿಂತಿರುವುದು ವೈ² ಅಲ್ಲ, 2ವೈ·ವೈ′. ಈ ಗುಣಲಬ್ಧದಲ್ಲಿ ಎರಡೂ ಎಕ್ಸ್‌ನ ಜೊತೆ ಬದಲಾಗುವ ವಸ್ತುಗಳೇ. ವೈ ಎಂದು ಬರೆದ ಕಡೆಯಲ್ಲೆಲ್ಲ ಮನಸ್ಸಿನಲ್ಲಿ "ವೈ, ಎಕ್ಸ್‌ನ ಕೈಯಲ್ಲಿರುವುದು" ಎಂದು ಓದಿಕೋ. ಬೇಕಾದರೆ ಮೊದಲ ಒಂದು ವಾರ ಹಾಗೆಯೇ ಬರೆ: ವೈ(ಎಕ್ಸ್). ಕಾಗದ ಜಾಸ್ತಿ ಹೋಗುತ್ತದೆ, ಹೋಗಲಿ.

ಆಗ 2ವೈ·ವೈ′ ಎಂಬುದರ ಡೆರಿವೇಟಿವ್ 2ವೈ′·ವೈ′ + 2ವೈ·ವೈ″. ಕಳೆದುಹೋದ 2(ವೈ′)² ಇಲ್ಲಿದೆ. ಸಾಲು ಪೂರ್ತಿ ಹೀಗಾಗುತ್ತದೆ:

2 + 2ವೈ′ + 2(ವೈ′)² + (ಎಕ್ಸ್ + 2ವೈ)·ವೈ″ = 0

ವೈ′ = −4/5 ಹಾಕು: 2 − 8/5 + 32/25 = 42/25. ಆದ್ದರಿಂದ 5ವೈ″ = −42/25, ವೈ″ = −42/125.

ಇನ್ನೊಂದು ಎಚ್ಚರಿಕೆ. (ವೈ′)² ಬೇರೆ, ವೈ″ ಬೇರೆ. ಡಿ ಸ್ಕ್ವೇರ್ ವೈ ಬೈ ಡಿಎಕ್ಸ್ ಸ್ಕ್ವೇರ್ ಎಂದು ಬರೆಯುವಾಗ ಮೇಲಿನ 2 ಡಿಯ ತಲೆಯ ಮೇಲೆ ಕೂರುತ್ತದೆ, ವೈ ತಲೆಯ ಮೇಲಲ್ಲ, ಏಕೆಂದರೆ ಅದು "ಡೆರಿವೇಟಿವ್ ಮಾಡು" ಎಂಬ ಕೆಲಸವನ್ನು ಎರಡು ಸಲ ಮಾಡಿದ ಗುರುತು. ಗಣಿತಜ್ಞ ಲೈಬ್ನಿಜ್ ಕೊಟ್ಟ ಈ ಬರಹ ಬಹಳ ಉಪಯುಕ್ತ, ಆದರೆ ಅವಸರದಲ್ಲಿ ಓದುವ ಮಕ್ಕಳಿಗೆ ವರ್ಗದ ಹಾಗೆಯೇ ಕಾಣುತ್ತದೆ. ಉತ್ತರಪತ್ರಿಕೆ ತಿದ್ದುವಾಗ ಇದನ್ನು ಎಷ್ಟು ಸಲ ಕೆಂಪು ಮಾಡಿದ್ದೇನೋ ಲೆಕ್ಕವಿಲ್ಲ.

ಜ್ಞಾನಸಂಗಮ_ಬ್ಯಾಕ್‌ಲಾಗ್

ಸರ್, ನಾವು ಬ್ಯಾರೆ ಮಾಡ್ತಿದ್ವಿ. ಮೊದಲು ವೈ′ = −(2ಎಕ್ಸ್ + ವೈ)/(ಎಕ್ಸ್ + 2ವೈ) ಅಂತ ಬಿಡಿಸ್ಕೊಂಡು, ಆಮ್ಯಾಲೆ ಕೋಶೆಂಟ್ ರೂಲ್ (ಭಾಗಾಕಾರದ ನಿಯಮ). ಅದು ತಪ್ಪೇನ್ರಿ?

ನಿವೃತ್ತ_ಮಾಸ್ತರ

ತಪ್ಪಲ್ಲ. ಆದರೆ ಕೋಶೆಂಟ್ ರೂಲ್ ಹಚ್ಚಿದ ಮೇಲೆ ಅಂಶದೊಳಗೆ ವೈ′ ಮತ್ತೆ ನುಸುಳುತ್ತದೆ, ಅದನ್ನು ಮತ್ತೆ ಭಿನ್ನರಾಶಿಯಾಗಿ ತುಂಬಬೇಕು, ಭಿನ್ನರಾಶಿಯೊಳಗೊಂದು ಭಿನ್ನರಾಶಿ. ಚಿಹ್ನೆ ತಪ್ಪುವುದು ಅಲ್ಲೇ. ಸಮೀಕರಣವನ್ನು ಬಿಡಿಸದೆ ಹಾಗೇ ಇಟ್ಟು ಇನ್ನೊಮ್ಮೆ ಡೆರಿವೇಟಿವ್ ಮಾಡಿದರೆ ಭಾಗಾಕಾರವೇ ಇಲ್ಲ, ಬರೀ ಪ್ರಾಡಕ್ಟ್ ರೂಲ್. ಒಂದು ಬಿಂದುವಿನಲ್ಲಿ ಬೆಲೆ ಕೇಳಿದ್ದರೆ ನಾನು ಎರಡನೇ ದಾರಿಗೇ ಮತ ಹಾಕುತ್ತೇನೆ.

ಬೆಲೆ ತುಂಬುವ ಹೊತ್ತು ಮಾತ್ರ ನೋಡಿಕೊಳ್ಳಬೇಕು. ಮೊದಲ ಸಾಲಿನಲ್ಲೇ ಎಕ್ಸ್ = 1, ವೈ = 2 ಹಾಕಿ 4 + 5ವೈ′ = 0 ಮಾಡಿಕೊಂಡು, ಆ ಸಾಲನ್ನೇ ಮತ್ತೆ ಡೆರಿವೇಟಿವ್ ಮಾಡಿದರೆ 5ವೈ″ = 0 ಬರುತ್ತದೆ. ಅಂದರೆ ವಕ್ರರೇಖೆ ಬಾಗಲೇ ಇಲ್ಲ ಎಂದಾಯಿತು! ಎರಡು ಸಲ ಡೆರಿವೇಟಿವ್ ಮುಗಿಯುವ ತನಕ ಅಕ್ಷರಗಳನ್ನು ಮುಟ್ಟಬಾರದು.

ಕಬ್ಬಿನ_ಟ್ರ್ಯಾಕ್ಟರ್

ಮಾಸ್ತರ್ರ, ಸುಳ್ಳ್ ಹೇಳಂಗಿಲ್ಲ, ಈಗ ಹಾಳಿ ಮ್ಯಾಲೆ ಮಾಡಿ ನೋಡಿದೆ, ಸರಿಯಾಗಿ ಆ 5ವೈ″ = 0 ತಪ್ಪಾನ ಮಾಡೀನಿ.

ಬಿಎಸ್ಸಿ ಹೋದ್ರೂ ಕ್ಯಾಲ್ಕುಲೇಟರ್ ಐತಿ. ಕುಂದಾ ಅವ್ರ ಸೂತ್ರದಾಗ ಎಕ್ಸ್ = 0.9 ಹಾಕಿದೆ, ವೈ 2.07834 ಬಂತು. ಎಕ್ಸ್ = 1.1ಕ್ಕ 1.91830. ಎರಡೂ ಕೂಡಿಸಿ, ನಡುವಿನ ವೈ = 2ರ ಎರಡರಷ್ಟು ಕಳದ್ರ −0.00336. ಹೆಜ್ಜಿ 0.1, ಅದರ ವರ್ಗ 0.01ರಿಂದ ಭಾಗಿಸಿದ್ರ −0.336. ಅತ್ತಾಗ −42/125 ಸೈತ −0.336. ಗೈಡ್ ಬರ್ದಾವ ಪಾಸ್.

ಗುಮ್ಮಟದ_ಪಿಸುಮಾತು

ಅಣ್ಣಾರ, ನಿಮ್ಮ ಮಾಸ್ತರ್ರಿಗೆ ಹೇಳ್ರಿ, ಏನೂ ಮರ್ತಿಲ್ಲ ನೀವು.

ನವನಗರ_ಪಿಯು2

ಇನ್ನೊಂದು ಡೌಟು. ಬಿಂದು ಬಿಟ್ಟು ಜನರಲ್ ಆಗಿ ಮಾಡಿದ್ರ ನನಗ ವೈ″ = −6(ಎಕ್ಸ್² + ಎಕ್ಸ್·ವೈ + ವೈ²)/(ಎಕ್ಸ್ + 2ವೈ)³ ಬಂತು. ಗೈಡ್‌ನಾಗ ಬರೇ −42/(ಎಕ್ಸ್ + 2ವೈ)³ ಐತಿ. ಮತ್ತ ಏನೋ ಕಳ್ಕೊಂಡೆ ಅನ್ನಿಸ್ತೈತಿ.

ನಿವೃತ್ತ_ಮಾಸ್ತರ

ಕಳೆದುಕೊಂಡಿಲ್ಲ ತಂಗಿ, ಮನೆಯಲ್ಲೇ ಇದೆ. ನಿನ್ನ ಅಂಶದ ಆವರಣದೊಳಗೆ ಏನಿದೆ ನೋಡು, ಆಮೇಲೆ ಲೆಕ್ಕದ ಮೊದಲ ಸಾಲು ನೋಡು.

ನವನಗರ_ಪಿಯು2

ಅಯ್ಯ! ಅದು 7. −6 × 7 = −42. 🤦‍♀️

ನಿವೃತ್ತ_ಮಾಸ್ತರ

ಇದೇ ಈ ವಿಧಾನದ ಸೊಗಸು. ಸಾದಾ ಲೆಕ್ಕದಲ್ಲಿ ಡೆರಿವೇಟಿವ್ ಮಾಡಿದ ಮೇಲೆ ಮೂಲ ಸಮೀಕರಣವನ್ನು ತಿರುಗಿ ನೋಡುವುದಿಲ್ಲ. ಇಲ್ಲಿ ಕೊನೆಯಲ್ಲಿ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಎಕ್ಸ್² + ವೈ² = 25 ತೆಗೆದುಕೋ: ವೈ′ = −ಎಕ್ಸ್/ವೈ, ಮುಂದೆ ವೈ″ = −(ವೈ² + ಎಕ್ಸ್²)/ವೈ³, ಅಂದರೆ −25/ವೈ³. ಉತ್ತರ ನಾಲ್ಕು ಸಾಲು ಉದ್ದವಾಗಿ ಕೂತಿದ್ದರೆ ಸಂಶಯಪಡು: ಎಲ್ಲೋ ಮೂಲ ಸಮೀಕರಣ ಒಳಗೆ ಅಡಗಿ ಕುಳಿತಿರಬಹುದು.

ಕುಂದಾ_ಪ್ರಿಯ

ನಾ ಇನ್ನೂ ಹೇಳ್ತೀನಿ, ವೈನ ಬಿಡಿಸಿಬಿಟ್ರ ಈ ತಲಿಬ್ಯಾನಿ ಯಾವುದೂ ಇಲ್ಲ. ಅಂದ್ಹಂಗ ಭಾಸ್ಕರಾಚಾರ್ಯ ನಮ್ಮ ವಿಜಯಪುರದವ, ಅಂವಗೇನು ಇಂಪ್ಲಿಸಿಟ್ ಗೊತ್ತಿತ್ತ?

ಗುಮ್ಮಟದ_ಪಿಸುಮಾತು

ವಿಜಯಪುರದಾಗ ಕುಂತು ನಾನಾ ಹೇಳ್ತೀನಿ: ಅಷ್ಟು ಖಾತ್ರಿ ಮಾಡಬ್ಯಾಡ್ರಿ. ಅಂವ ತನ್ನ ಊರು ವಿಜ್ಜಡವಿಡ ಅಂತ ಬರದಾನ. ಅದು ವಿಜಯಪುರ ಅಂತ ಕೆಲವ್ರು, ಅಲ್ಲ ಮಹಾರಾಷ್ಟ್ರದ ಕಡೀದು ಅಂತ ಉಳಿದವ್ರು, ಇನ್ನೂ ಜಗಳ ಮುಗಿದಿಲ್ಲ. ಹುಟ್ಟಿದ್ದು 1114, ಸಿದ್ಧಾಂತ ಶಿರೋಮಣಿ ಬರೆದದ್ದು 1150. ಗ್ರಹದ ಆ ಕ್ಷಣದ ವೇಗಕ್ಕ "ತಾತ್ಕಾಲಿಕ ಗತಿ" ಅಂತ ಲೆಕ್ಕ ಮಾಡ್ಯಾನ, ಅದು ಡೆರಿವೇಟಿವ್‌ನ ಹತ್ತಿರದ ಸಂಬಂಧಿ. ಇಂಪ್ಲಿಸಿಟ್‌ಗೆ ನಾವು ಕನ್ನಡದಾಗ ಅವ್ಯಕ್ತ ಅಂತೀವಿ, ಅವರ ಕಾಲದಾಗ ಅವ್ಯಕ್ತ ಅಂದ್ರ ಗೊತ್ತಿಲ್ಲದ ರಾಶಿ, ಅವ್ಯಕ್ತ ಗಣಿತ ಅಂದ್ರ ಬೀಜಗಣಿತ. ಶಬ್ದ ಒಂದಾ, ಅರ್ಥ ಬ್ಯಾರೆ.

ಇನ್ನ ವೈ ಬಿಡಿಸೋ ಮಾತು. ತಗೋರಿ, ಬಿಡಿಸಿ ತೋರಿಸ್ರಿ:

ಎಕ್ಸ್³ + ವೈ³ = 6·ಎಕ್ಸ್·ವೈ, ಬಿಂದು (3, 3)

ಕುಂದಾ_ಪ್ರಿಯ

(ಒಂದು ತಾಸಿನ ನಂತರ) ಕ್ಯೂಬಿಕ್ ಸೂತ್ರ ಹುಡುಕಿದೆ. ಘನಮೂಲದೊಳಗ ವರ್ಗಮೂಲ. ಎಕ್ಸ್ = 3 ಹಾಕಿದ್ರ ವರ್ಗಮೂಲದೊಳಗ ಮೈನಸ್ ಬಂತು. ಬಿಟ್ಟುಕೊಟ್ಟೆ.

ಗುಮ್ಮಟದ_ಪಿಸುಮಾತು

ಇದು ಡೆಕಾರ್ಟೆಯ ಫೋಲಿಯಂ, ಎಲೆ ಆಕಾರದ ವಕ್ರರೇಖೆ. 1638ರಾಗ ಫ್ರಾನ್ಸಿನ ಗಣಿತಜ್ಞ ಡೆಕಾರ್ಟೆ ಇದನ್ನ ಮುಂದ ಮಾಡಿ ಅಲ್ಲಿನ ಇನ್ನೊಬ್ಬ ಗಣಿತಜ್ಞ ಫರ್ಮಾಗೆ ಸವಾಲ್ ಹಾಕಿದ್ದ: ನಿನ್ನ ವಿಧಾನದಿಂದ ಇದಕ್ಕ ಸ್ಪರ್ಶಕ ಎಳಿ ನೋಡೋಣ ಅಂತ. ಫರ್ಮಾ ಎಳದಾ. ಡೆಕಾರ್ಟೆಗೆ ಅದು ಬಂದಿರಲಿಲ್ಲ. ಈಗ ನಮ್ಮ ದಾರಿ ಎಷ್ಟು ಸಸಾರ ನೋಡ್ರಿ (ಎಲ್ಲಾ ಪದ 3ರಿಂದ ಭಾಗಿಸೀನಿ):

ಎಕ್ಸ್² + ವೈ²·ವೈ′ = 2ವೈ + 2ಎಕ್ಸ್·ವೈ′
(3, 3)ಕ್ಕ 9 + 9ವೈ′ = 6 + 6ವೈ′, ವೈ′ = −1

ಅಕ್ಷರದ ಸಾಲನ್ನ ಇನ್ನೊಮ್ಮೆ:
2ಎಕ್ಸ್ + 2ವೈ(ವೈ′)² + ವೈ²·ವೈ″ = 4ವೈ′ + 2ಎಕ್ಸ್·ವೈ″
6 + 6 + 9ವೈ″ = −4 + 6ವೈ″, ವೈ″ = −16/3

ಕಾಲು ಹಾಳಿ ಸಾಕಾತು.

ಜ್ಞಾನಸಂಗಮ_ಬ್ಯಾಕ್‌ಲಾಗ್

ಅರೇ ಇದು ನಮ್ಮ ಎಂ-1 (ಇಂಜಿನಿಯರಿಂಗ್ ಗಣಿತದ ಮೊದಲ ಪೇಪರ್) ಹಳೇ ಗೆಳೆಯ! ವಿಟಿಯು ಮೊದಲನೇ ಸೆಮಿಸ್ಟರ್, ರೇಡಿಯಸ್ ಆಫ್ ಕರ್ವೇಚರ್ (ರೇಖೆಯ ಬಾಗಿಗೆ ಹೊಂದೋ ವೃತ್ತದ ತ್ರಿಜ್ಯ). ಎಕ್ಸ್³ + ವೈ³ = 3·ಎ·ಎಕ್ಸ್·ವೈ, ಬಿಂದು (3ಎ/2, 3ಎ/2), ಉತ್ತರ 3ಎ/(8√2). ಎ = 2 ಹಾಕಿದ್ರ ನಿಮ್ಮ ಲೆಕ್ಕಾನ. (1 + (ವೈ′)²)^(3/2) ಅಂದ್ರ 2√2, ಅದನ್ನ 16/3ರಿಂದ ಭಾಗಿಸಿದ್ರ 3√2/8, ಸುಮಾರು 0.53. ಈ ಒಂದ ಲೆಕ್ಕದ ಮ್ಯಾಲೆ ನಾ ಎರಡು ಸಲ ಫೇಲ್ ಆಗೀನಿ. ತಪ್ಪಿದ್ದು ಬ್ಯಾರೆ ಏನೂ ಅಲ್ಲ, ತಂಗಿ ಮಾಡಿದ್ದ ತಪ್ಪಾನ: ವೈ²·ವೈ′ದಾಗ 2ವೈ(ವೈ′)² ಬಿಟ್ಟಿದ್ದೆ.

ನನಗೀಗ ಒಂದು ಡೌಟು. ವೈ″ ಅಂದ್ರ ಬಾಗು ಅಂತಾರಲ್ಲ, ಮತ್ತ ರೇಡಿಯಸ್‌ಗೆ ಇಷ್ಟು ದೊಡ್ಡ ಸೂತ್ರ ಯಾಕ? ವೈ″ ಒಂದ ಸಾಕಾಗಂಗಿಲ್ಲೇನು?

ಗುಮ್ಮಟದ_ಪಿಸುಮಾತು

ಗೋಳಗುಮ್ಮಟಕ್ಕ ಬಂದಿದ್ದೀರೇನು? ಗುಮ್ಮಟದ ಹೊರಗಿನ ವ್ಯಾಸ ಸುಮಾರು 44 ಮೀಟರ್, ತ್ರಿಜ್ಯ 22. ತಳದ ವೃತ್ತಾನ ಹಾಳಿ ಮ್ಯಾಲೆ ಎಳೀರಿ: ಎಕ್ಸ್² + ವೈ² = 484. ಮಾಸ್ತರ್ರು ಹೇಳಿದ ಲೆಕ್ಕದಾಂಗ ವೈ″ = −484/ವೈ³.

ಮ್ಯಾಲಿನ ತುದಿ (0, 22)ದಾಗ ವೈ″ = −1/22. ಸ್ವಲ್ಪ ಬಾಜೂಕ ಸರೀರಿ, ವೈ = 11 ಆದಲ್ಲಿ ಅದಾ ವೈ″ ಎಂಟು ಪಟ್ಟು. ಇನ್ನೂ ಬಾಜೂಕ, ವೈ ಸೊನ್ನೆ ಹತ್ತಿರ ಹೋದ್ರ ವೈ″ಗೆ ಮಿತೀನ ಇಲ್ಲ. ಆದ್ರ ಆ ವೃತ್ತದ ಗುಂಟ ನಡಕೋತ ಹೋಗಾಂವಗ ಎಲ್ಲಾ ಕಡಿ ತಿರುವು ಒಂದಾ ಥರ! ಗುಮ್ಮಟ ಕಟ್ಟಿದವ್ರು ಒಂದು ಕಡಿ ಹೆಚ್ಚು, ಒಂದು ಕಡಿ ಕಡಿಮಿ ಬಾಗಿಸಿಲ್ಲ. ಹೆಚ್ಚು ಕಡಿಮಿ ಮಾಡಿದ್ದು ನಾವು ಎಳದ ಎಕ್ಸ್ ಗೆರಿ, ವೈ ಗೆರಿ. ಗೆರಿಗೆ ಹೋಲಿಸಿದ್ರ ರೇಖೆ ಕಡಿದಾದಂಗ ವೈ″ ಉಬ್ಬತದ. ಆ ಉಬ್ಬು ಇಳಿಸ್ಲಿಕ್ಕೆ ಆ (1 + (ವೈ′)²)^(3/2). ಅದನ್ನ ವೈ″ದಿಂದ (ಮೈನಸ್ ಚಿಹ್ನೆ ಬಿಟ್ಟು) ಭಾಗಿಸ್ರಿ, ಎಲ್ಲಿ ನಿಂತ್ರೂ 22 ಬರ್ತದ.

ಜ್ಞಾನಸಂಗಮ_ಬ್ಯಾಕ್‌ಲಾಗ್

ಇದನ್ನ ಎರಡು ವರ್ಷದ ಹಿಂದ ಯಾರಾದ್ರೂ ಹೇಳಿದ್ರ ಪರೀಕ್ಷಾ ಫೀ ಉಳೀತಿತ್ತು.

ಅಂದ್ಹಂಗ ತಂಗಿಗೆ ಒಂದು ಶಾರ್ಟ್‌ಕಟ್. ಪಿ, ಕ್ಯೂ ಅಂದ್ರ ಎಕ್ಸ್‌ಗೆ, ವೈಗೆ ಸಮೀಕರಣದ ಎಡಗಡಿ ಪಾರ್ಷಿಯಲ್ ಡೆರಿವೇಟಿವ್ (ಒಂದನ್ನ ಗಟ್ಟಿ ಹಿಡಿದು ಇನ್ನೊಂದಕ್ಕ ಅಷ್ಟ ಮಾಡಿದ್ದು). ಆರ್, ಎಸ್, ಟಿ ಅಂದ್ರ ಎರಡನೇ ಸಲದ್ದು (ಎರಡೂ ಸಲ ಎಕ್ಸ್, ಒಂದೊಂದು ಸಲ ಎಕ್ಸ್ ಮತ್ತ ವೈ, ಎರಡೂ ಸಲ ವೈ). ಆಗ ವೈ″ = −(ಕ್ಯೂ²·ಆರ್ − 2·ಪಿ·ಕ್ಯೂ·ಎಸ್ + ಪಿ²·ಟಿ)/ಕ್ಯೂ³. ನಿನ್ನ ಲೆಕ್ಕದಾಗ ಪಿ = 4, ಕ್ಯೂ = 5, ಆರ್ = 2, ಎಸ್ = 1, ಟಿ = 2. 50 − 40 + 32 = 42. ಕೆಳಗ 125.

ನಿವೃತ್ತ_ಮಾಸ್ತರ

ಸೂತ್ರ ಸರಿ. ಪಿಯು ಮಕ್ಕಳಿಗೆ ಬೇಡ. ಪಾರ್ಷಿಯಲ್ ಏನೆಂದು ತಿಳಿಯದೆ ಬಾಯಿಪಾಠ ಮಾಡಿದರೆ, ಒಂದು ಚಿಹ್ನೆ ಮರೆತ ದಿನ ದಾರಿಯೇ ಇರುವುದಿಲ್ಲ. ಪ್ರಾಡಕ್ಟ್ ರೂಲ್ ಬಂದವರಿಗೆ ಈ ಸೂತ್ರವನ್ನು ತಾವೇ ಕಟ್ಟಿಕೊಳ್ಳಲು ಬರುತ್ತದೆ.

ಅದರಿಂದ ಒಂದು ಪಾಠ ಮಾತ್ರ ತೆಗೆದುಕೊಳ್ಳಿ: ಛೇದದಲ್ಲಿ ಕ್ಯೂ ಇದೆ. ಅದು ಸೊನ್ನೆಯಾದಲ್ಲಿ ಆಟ ನಿಲ್ಲುತ್ತದೆ. ನಮ್ಮ ಲೆಕ್ಕದಲ್ಲಿ ಅದು ಎಕ್ಸ್ + 2ವೈ = 0 ಆದ ಕಡೆ, ಅಲ್ಲಿ ಸ್ಪರ್ಶಕ ನೆಟ್ಟಗೆ ನಿಲ್ಲುತ್ತದೆ, ವೈ ಅಲ್ಲಿ ಎಕ್ಸ್‌ನ ಕೈಯಲ್ಲಿ ಇಲ್ಲ. ಫೋಲಿಯಂನ (0, 0)ದಲ್ಲಿ ಇನ್ನೂ ಕಷ್ಟ: ರೇಖೆ ತನ್ನನ್ನು ತಾನೇ ದಾಟಿ ಹೋಗುತ್ತದೆ, ವೈ′ಗೆ 0/0 ಬರುತ್ತದೆ. ಯಾವ ಟೊಂಗೆಯ ಬಗ್ಗೆ ಕೇಳುತ್ತಿದ್ದೀಯಪ್ಪಾ ಎಂದು ಸಮೀಕರಣವೇ ತಿರುಗಿ ಕೇಳಿದ ಹಾಗೆ.

ನವನಗರ_ಪಿಯು2

ಎರಡು ದಿನ ಆತು, ಈಗ ಬಂದೆ. ಕಾಲೇಜಿಂದ ಬರುವಾಗ ಬಸ್ಸಿನಾಗ ಒಂದು ಲೆಕ್ಕ ನಾನಾ ಹಾಕ್ಕೊಂಡು ಮಾಡೀನಿ. ತಪ್ಪಿದ್ರ ಹೇಳ್ರಿ.

√ಎಕ್ಸ್ + √ವೈ = 5, ಬಿಂದು (4, 9)

ಮೊದಲನೇದು: 1/(2√ಎಕ್ಸ್) + ವೈ′/(2√ವೈ) = 0. 1/4 + ವೈ′/6 = 0, ವೈ′ = −3/2.

ಎರಡನೇದು (ಅಕ್ಷರದಾಗ, ನಂಬರ್ ಮುಟ್ಟಿಲ್ಲ ರೀ ಸರ್): −1/(4·ಎಕ್ಸ್^(3/2)) + ವೈ″/(2√ವೈ) − (ವೈ′)²/(4·ವೈ^(3/2)) = 0

−1/32 + ವೈ″/6 − 1/48 = 0, ವೈ″ = 6 × 5/96 = 5/16.

ಖರೇ ಹೇಳ್ಬೇಕಂದ್ರ ಆ (ವೈ′)² ಪದ ಮೊದಲು ಬಿಟ್ಟಿದ್ದೆ. 3/16 ಬಂತು. ಆಮ್ಯಾಲೆ ಕುಂದಾ ಅಣ್ಣಾರ ದಾರಿ ಹಿಡಿದು ವೈ = (5 − √ಎಕ್ಸ್)² ಅಂತ ಬಿಡಿಸಿ ನೋಡಿದೆ, 5/(2·ಎಕ್ಸ್·√ಎಕ್ಸ್), ಅಂದ್ರ 5/16. ಅಂತರ 1/8 ಬಂತು, ಅದು 6/48. ಎಲ್ಲಿ ಕಳೆದೈತಿ ಅಂತ ಗೊತ್ತಾತು.

ಕುಂದಾ_ಪ್ರಿಯ

ನೋಡ್ರಿ, ನನ್ನ ದಾರಿನೂ ಕೆಲಸಕ್ಕ ಬಂತು!

ನಿವೃತ್ತ_ಮಾಸ್ತರ

ಸರಿ ಇದೆ ತಂಗಿ. ಆ 5 ಮೂಲ ಸಮೀಕರಣದ ಬಲಗಡೆಯಿಂದಲೇ ಬಂದದ್ದು, ಗಮನಿಸಿದೆಯಾ? ನಾಳೆ ಬಸ್ಸಿಗೆ ಇದು: ಸೈನ್(ಎಕ್ಸ್ + ವೈ) = ವೈ, ಬಿಂದು (0, 0) ಬೇಡ, ಅಲ್ಲಿ ಛೇದ ಸೊನ್ನೆ. (π, 0) ತಗೋ.